ಅಂಗಡಿಗೆ ಬರುವ ಗುಬ್ಬಚ್ಚಿ ನಮ್ಮ ಮನೆಗೆ ಯಾಕೆ ಬರಲ್ಲ?

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಮೊದಲು ದುರ್ಗಿಗುಡಿ ಕಡೆ ಹೆಂಚಿನ ಮನೆಯಲ್ಲಿದ್ದೆವು. ಅಲ್ಲಿ ಗೋಡೆಯ ಫೋಟೋ ಹಿಂದೆಯೇ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ಈಗಿನದು ಆರ್‌ಸಿಸಿ ಮನೆ, ಒಂದು ಗುಬ್ಬಿಯೂ ಇಲ್ಲ. ಯುಗಾದಿಗೆ ಮರದ ಗೂಡು ತಂದು ಬಾಲ್ಕನಿಯಲ್ಲಿ ತೂಗುಹಾಕಿದೆ. ದಿನಾ ಅಕ್ಕಿ ಹಾಕುತ್ತೇನೆ. ಪಾರಿವಾಳಗಳು ಬಂದು ತಿಂದು ಹೋಗುತ್ತವೆ. ಆದರೆ ನಮ್ಮ ರಸ್ತೆಯ ತುದಿಯ ದಿನಸಿ ಅಂಗಡಿಯಲ್ಲಿ ಗುಬ್ಬಿಗಳು ಬೇಕಾದಷ್ಟಿವೆ! ಅಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಯನ್ನು ಒಂದು ಗುಬ್ಬಿ ದಿನವೂ ಕುಕ್ಕುತ್ತದೆ. ಗುಬ್ಬಿ ಕಡಿಮೆಯಾಗಲು ಮೊಬೈಲ್ ಟವರ್ ಕಾರಣ ಅಂತ ಮೊಮ್ಮಗಳು ಹೇಳುತ್ತಾಳೆ. ನಿಜವಾ? ನಾವಿಬ್ಬರೂ ಸೇರಿ ಗುಬ್ಬಿ ನೋಡೋದು, ಲೆಕ್ಕ ಇಡೋದು ಶುರು ಮಾಡಬೇಕು ಅಂದುಕೊಂಡಿದ್ದೇವೆ. ಹೇಗೆ ಮಾಡೋದು?

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ದಿನಸಿ ಅಂಗಡಿಯಲ್ಲೇ ಇದೆ. ಸದ್ಯಕ್ಕೆ ಬಾಲ್ಕನಿಯನ್ನು ಮರೆತುಬಿಡಿ. ಮೊಮ್ಮಗಳನ್ನು ಕರೆದುಕೊಂಡು ಒಂದು ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ ಆ ಅಂಗಡಿಯ ಎದುರಿಗೆ ಹೋಗಿ ಸುಮ್ನೆ ನಿಂತುಕೊಳ್ಳಿ.

ಗುಬ್ಬಚ್ಚಿ ಊರೆಲ್ಲ ಸುತ್ತುವ ಹಕ್ಕಿ ಅಲ್ಲ. ಒಮ್ಮೆ ಗೂಡು ಕಟ್ಟಿ ನೆಲೆ ನಿಂತರೆ ಅದರ ಸಂಸಾರವೆಲ್ಲ ಕೆಲವು ನೂರು ಮೀಟರ್ ಒಳಗೇ ನಡೆದುಹೋಗುತ್ತದೆ. ಮರಿಗಳು ದೊಡ್ಡವಾದ ಮೇಲೆ ಬೇರೆ ಜಾಗ ಹುಡುಕಿ ಹೋದರೂ ಹೆಚ್ಚಿನವು ಬಹಳ ದೂರ ಹೋಗುವುದಿಲ್ಲ. ಹಾಗಾಗಿ ವಿನೋಬನಗರದಲ್ಲಿ ಗುಬ್ಬಿ ಇದೆಯಾ ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾವ ಕ್ರಾಸಿನಲ್ಲಿ, ಯಾವ ಗೋಡೆಯಲ್ಲಿ ಇದೆ ಅಂತ ಕೇಳಬೇಕು. ಒಂದು ಕ್ರಾಸಿನಲ್ಲಿ ಚಿಂವ್‌ಗುಟ್ಟುವ ಗದ್ದಲ, ಎರಡು ಕ್ರಾಸ್ ದಾಟಿದರೆ ಒಂದೂ ಇಲ್ಲ. ಊರಿನ ಗುಬ್ಬಿಗಳು ಹೀಗೇ, ತುಂಡು ತುಂಡಾಗಿ ಹಂಚಿಹೋಗಿವೆ.

ಅಂಗಡಿಯ ಎದುರಿಗೆ ನಿಂತಾಗ ಮೊದಲು ನೆಲ ನೋಡಬೇಡಿ. ತಲೆ ಎತ್ತಿ ರೋಲಿಂಗ್ ಷಟರ್ ಸುತ್ತಿಕೊಳ್ಳುವ ತಗಡಿನ ಪೆಟ್ಟಿಗೆ ನೋಡಿ. ಅದರ ಸಂದಿಯಿಂದ ಒಣ ಹುಲ್ಲು, ತೆಂಗಿನ ನಾರು, ದಾರದ ಎಳೆ ಇಳಿಬಿದ್ದಿದ್ದರೆ ಅದೇ ಗೂಡು. ಇವತ್ತಿನ ಪಟ್ಟಣದಲ್ಲಿ ಹಳೇ ಹೆಂಚಿನ ಸೂರಿನ ಕೆಲಸವನ್ನು ಈ ಷಟರ್ ಪೆಟ್ಟಿಗೆ ಮಾಡುತ್ತಿದೆ. ಮೀಟರ್ ಬೋರ್ಡಿನ ಹಿಂದೆ, ಬೀದಿ ದೀಪದ ಟೊಳ್ಳು ಕೊಳವೆಯೊಳಗೆ, ಎಸಿ ಪೈಪಿಗೆ ಕೊರೆದು ಹಾಗೇ ಬಿಟ್ಟ ತೂತಿನಲ್ಲಿ ಕೂಡ ಗೂಡು ಸಿಗುತ್ತದೆ. ಆಮೇಲೆ ಕೆಳಗೆ ನೋಡಿ. ಗೋಣಿಚೀಲದ ಬಾಯಿಂದ ಉದುರಿದ ಅಕ್ಕಿ, ನುಚ್ಚು, ರಾಗಿ ಇರುತ್ತದೆ. ಅಂಗಡಿಯ ಹಿಂದಕ್ಕೂ ಒಮ್ಮೆ ಹೋಗಿ ಬನ್ನಿ. ಬಹುಶಃ ಅಲ್ಲೊಂದು ಖಾಲಿ ಸೈಟು, ಅದರಲ್ಲಿ ಹುಲ್ಲು, ಕಳೆಗಿಡ, ಒಂದಿಷ್ಟು ಬರೀ ಮಣ್ಣು ಇದ್ದೇ ಇರುತ್ತದೆ. ಇಲ್ಲದಿದ್ದರೆ ಅಷ್ಟು ಗುಬ್ಬಿಗಳು ಅಲ್ಲಿ ನೆಲೆ ನಿಲ್ಲುತ್ತಿರಲಿಲ್ಲ.

ಈ ಹಿಂದಿನ ಸೈಟೇ ಮುಖ್ಯ. ಗುಬ್ಬಿ ಅಂದರೆ ಕಾಳು, ಕಾಳು ಅಂದರೆ ಅಕ್ಕಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ದೊಡ್ಡ ಗುಬ್ಬಿಯ ಮಟ್ಟಿಗೆ ಅದು ಸರಿ. ಮರಿಗೆ ಅಕ್ಕಿ ಆಗಿಬರುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಗೆ ಗರಿ ಇಲ್ಲ, ಕಣ್ಣು ತೆರೆದಿರುವುದಿಲ್ಲ. ಎರಡೇ ವಾರದಲ್ಲಿ ಅದು ಹಾರುವಷ್ಟು ಬೆಳೆಯಬೇಕು. ಅದಕ್ಕೆ ಬೇಕಾದ ಪ್ರೋಟೀನ್ ಹುಳದಲ್ಲಿದೆ. ಅದಕ್ಕೇ ವರ್ಷವಿಡೀ ಕಾಳು ತಿಂದುಕೊಂಡಿರುವ ಅಪ್ಪ ಅಮ್ಮ ಮರಿ ಹುಟ್ಟಿದ ಕೂಡಲೇ ಹುಳದ ಬೇಟೆಗೆ ಇಳಿಯುತ್ತವೆ. ಹಸಿರು ಹುಳ, ಗಿಡಹೇನು, ಸಣ್ಣ ಜೇಡ, ಮಿಡತೆ ಮರಿ, ಏನು ಸಿಕ್ಕರೂ ಸರಿ. ಮೊದಲ ಕೆಲವು ದಿನ ಮರಿಯ ಊಟ ಹೆಚ್ಚುಕಡಿಮೆ ಪೂರ್ತಿ ಇದೇ. ಕಾಳು ಆಮೇಲೆ ಸ್ವಲ್ಪ ಸ್ವಲ್ಪವೇ ಸೇರುತ್ತದೆ.

ಈಗ ಹೊಸ ಬಡಾವಣೆಯ ಮನೆಗಳನ್ನು ನೋಡಿ. ಕಾಂಪೌಂಡ್ ಒಳಗೆಲ್ಲ ಇಂಟರ್‌ಲಾಕ್ ಟೈಲ್ಸ್. ಕುಂಡದಲ್ಲಿ ಹುಳ ಮುಟ್ಟದ ಶೋ ಗಿಡ. ದಾಸವಾಳಕ್ಕೆ ನಾಲ್ಕು ಗಿಡಹೇನು ಬಂದರೆ ಸ್ಪ್ರೇ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅನ್ನುತ್ತೇವಲ್ಲ, ಇಲ್ಲಿ ಅದು ನಿಜವಾಗಿಯೂ ಗುಬ್ಬಿಯ ಮೇಲೇ ಬೀಳುತ್ತದೆ. ನೀವು ದಿನಾ ಹಾಕುವ ಅಕ್ಕಿಯಿಂದ ದೊಡ್ಡ ಗುಬ್ಬಿಯ ಹೊಟ್ಟೆ ತುಂಬಬಹುದು. ಆದರೆ ಮರಿ ಬದುಕದ ಬೀದಿಯಲ್ಲಿ ಕೆಲವು ವರ್ಷಕ್ಕೆ ಗುಂಪೇ ಕರಗಿಹೋಗುತ್ತದೆ. ಗುಬ್ಬಿಗೆ ಕೊರತೆ ಇರುವುದು ಅಕ್ಕಿಯದ್ದಲ್ಲ, ಹುಳದ್ದು. ಈ ಒಂದು ಮಾತನ್ನು ಮೊಮ್ಮಗಳಿಗೆ ಚೆನ್ನಾಗಿ ತೋರಿಸಿಕೊಡಿ. ತೋರಿಸೋದು ಕಷ್ಟವೇನಲ್ಲ.

ಗೂಡು ಗೊತ್ತಾಯಿತಲ್ಲ, ಎದುರಿಗೆ ಹತ್ತು ಹದಿನೈದು ಅಡಿ ದೂರದಲ್ಲಿ ನಿಂತು ಬರಿ ಕೊಕ್ಕನ್ನು ನೋಡಿ. ಕೊಕ್ಕಿನಲ್ಲಿ ಹುಲ್ಲು, ಗರಿ, ಹತ್ತಿ ಇದ್ದರೆ ಗೂಡಿನ ಕೆಲಸ ನಡೆದಿದೆ. ಒಂದು ಹಕ್ಕಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರದಿದ್ದರೆ ಕಾವು ಕೂತಿದೆ ಅಂತ ಲೆಕ್ಕ. ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ, 11ರಿಂದ 14 ದಿನ ಕಾವು. ಕೊಕ್ಕಿನ ಅಂಚಿಗೆ ಹಸಿರು ಹುಳ ನೇತಾಡುತ್ತಿದೆಯಾ? ಒಳಗೆ ಮರಿ ಇದೆ. ಇನ್ನೂ ಸ್ವಲ್ಪ ನಿಲ್ಲಿ. ಹುಳ ಕೊಟ್ಟ ಹಕ್ಕಿ ಹೊರಗೆ ಬರುವಾಗ ಕೊಕ್ಕಿನಲ್ಲಿ ಬಿಳಿ ಗುಳಿಗೆಯಂಥದ್ದು ಏನೋ ಕಚ್ಚಿಕೊಂಡಿರುತ್ತದೆ. ಸ್ವಲ್ಪ ದೂರ ಹಾರಿ ಅದನ್ನು ಬಿಸಾಡುತ್ತದೆ. ಅದು ಮರಿಯ ಹಿಕ್ಕೆ, ಜಿಗುಟಾದ ತೆಳ್ಳಗಿನ ಪೊರೆಯಲ್ಲಿ ಕಟ್ಟಿಟ್ಟ ಹಾಗೆ ಬರುತ್ತದೆ. ಗೂಡು ಗಲೀಜಾಗದಂತೆ ಅಪ್ಪ ಅಮ್ಮ ಇಬ್ಬರೂ ಹೊತ್ತು ಹಾಕುತ್ತಾರೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಮುಂದಿನ ಸಲ ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ.

ಗಂಡು ಹೆಣ್ಣು ಗುರುತಿಸೋದು ಸುಲಭ. ಗಂಡಿಗೆ ಬೂದು ನೆತ್ತಿ, ಬಿಳಿ ಕೆನ್ನೆ, ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಕಗ್ಗಂದು, ಗಂಟಲಿನ ಕೆಳಗೆ ಕಪ್ಪು ಮಚ್ಚೆ. ಹೆಣ್ಣು ಮಣ್ಣಿನ ಬಣ್ಣ, ಕಣ್ಣಿನ ಮೇಲೆ ಮಾಸಲು ಹುಬ್ಬು. ಗಂಡಿನ ಆ ಕಪ್ಪು ಮಚ್ಚೆಯಲ್ಲಿ ಒಂದು ತಮಾಷೆ ಇದೆ. ಹೊಸ ಗರಿ ಬಂದಾಗ ತುದಿಗಳೆಲ್ಲ ಮಾಸಲಾಗಿರುತ್ತವೆ, ಮಚ್ಚೆ ಅರ್ಧ ಮುಚ್ಚಿಹೋಗಿರುತ್ತದೆ. ದಿನ ಕಳೆದಂತೆ ತುದಿ ಸವೆದು ಒಳಗಿನ ಕಪ್ಪು ಹೊರಗೆ ಕಾಣುತ್ತದೆ. ಅಂದರೆ ಬಟ್ಟೆ ಸವೆದಷ್ಟೂ ಮದುಮಗ ಚೆಂದ ಕಾಣುತ್ತಾನೆ! ಗೂಡಿನ ಕಾಲಕ್ಕೆ ಕೊಕ್ಕು ಕೂಡ ಕಪ್ಪಾಗುತ್ತದೆ, ಬೇರೆ ಹೊತ್ತಿನಲ್ಲಿ ಕಂದು.

ಜಾಗ ಹಿಡಿಯೋದು ಗಂಡಿನ ಕೆಲಸ. ತೂತಿನ ಪಕ್ಕ ಕೂತು ಒಂದೇ ರಾಗದಲ್ಲಿ ಚಿಲಿಪ್ ಚಿಲಿಪ್ ಅಂತ ಬೆಳಿಗ್ಗೆಯೆಲ್ಲ ಕೂಗುತ್ತಾನೆ. ಹೆಣ್ಣು ಹತ್ತಿರ ಬಂದರೆ ರೆಕ್ಕೆ ಇಳಿಬಿಟ್ಟು, ಬಾಲ ಎತ್ತಿ, ಮೈ ನಡುಗಿಸುತ್ತಾ ಅವಳ ಸುತ್ತ ಕುಪ್ಪಳಿಸುತ್ತಾನೆ. ಅವಳಿಗೆ ಇಷ್ಟ ಇಲ್ಲದಿದ್ದರೆ ನೇರ ಕುಕ್ಕಿ ಓಡಿಸುತ್ತಾಳೆ. ಕೆಲವೊಮ್ಮೆ ನಾಲ್ಕೈದು ಗಂಡುಗಳು ಒಂದೇ ಹೆಣ್ಣಿನ ಹಿಂದೆ ಬಿದ್ದು ಕಿರುಚಾಡುತ್ತಾ ರಸ್ತೆಯ ಮಧ್ಯಕ್ಕೇ ಉರುಳಿಬರುತ್ತವೆ. ಜನ ಅದನ್ನು ಬರೀ ಜಗಳ ಅಂದುಕೊಳ್ಳುತ್ತಾರೆ. ಗೂಡು ಕಟ್ಟುವುದಕ್ಕೆ ಒಂದೇ ಕಾಲ ಅಂತ ಇಲ್ಲ. ನಮ್ಮ ಕಡೆ ಮಳೆ ಹಿಡಿಯುವ ಮೊದಲು, ಮತ್ತೆ ಮಳೆ ಇಳಿದ ಮೇಲೆ ಈ ಗಲಾಟೆ ಜಾಸ್ತಿ.

ಒಂದು ಎಚ್ಚರಿಕೆ. ಊರಿನ ಅಂಚಿಗೆ, ಗದ್ದೆ ಬಯಲಿನ ಕಡೆಗೆ ಹೋದರೆ ಗುಬ್ಬಿಯಂತೆ ಕಾಣುವುದೆಲ್ಲ ಗುಬ್ಬಿ ಅಲ್ಲ. ಗೂಡು ಕಟ್ಟುವ ಕಾಲ ಮುಗಿದ ಮೇಲೆ ಗೀಜಗ ಹೆಚ್ಚುಕಡಿಮೆ ಹೆಣ್ಣು ಗುಬ್ಬಿಯ ಥರವೇ ಕಾಣುತ್ತದೆ. ಗೀಜಗದ ಕೊಕ್ಕು ದಪ್ಪ, ಬಾಲ ಗಿಡ್ಡ. ಹುಲ್ಲಿನ ತೆನೆಗೆ ಜೋತುಬೀಳುವ ಪುಟ್ಟ ಮುನಿಯಗಳನ್ನೂ ಹಲವರು ಗುಬ್ಬಿ ಅಂತ ಎಣಿಸಿಬಿಡುತ್ತಾರೆ. ಕುರುಚಲು ಕಾಡಿನ ಕಡೆ ಗಂಟಲಲ್ಲಿ ಸಣ್ಣ ಹಳದಿ ಚುಕ್ಕೆಯ ಇನ್ನೊಂದು ಗುಬ್ಬಿ ಸಿಗುತ್ತದೆ. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಅಂಥದ್ದೇ ಒಂದು ಗುಬ್ಬಿಯ ಗುರುತು ಹುಡುಕಿಕೊಂಡು ಹೋಗಿಯೇ ಪಕ್ಷಿತಜ್ಞ ಸಲೀಂ ಅಲಿ ಹಕ್ಕಿಗಳ ಲೋಕಕ್ಕೆ ಬಂದದ್ದು.

ಖಾಲಿ ಸೈಟಿನ ಮಣ್ಣಿಗೆ ಬರುತ್ತೇನೆ. ಬಿಸಿಲೇರಿದ ಮೇಲೆ ಅಲ್ಲಿ ಗುಬ್ಬಿಗಳು ಧೂಳುಸ್ನಾನ ಮಾಡುತ್ತವೆ. ಹೊಟ್ಟೆ ಒತ್ತಿ ಕೂತು, ಕಾಲಿನಿಂದ ಕೆರೆದು, ರೆಕ್ಕೆ ಬಡಿದು ಧೂಳನ್ನು ಗರಿಗಳ ಸಂದಿಗೆಲ್ಲ ಎರಚಿಕೊಳ್ಳುತ್ತವೆ. ಗರಿಯ ಜಿಡ್ಡು, ಹೇನು ಹೋಗಲಿ ಅಂತ. ಎಲ್ಲ ಎದ್ದು ಹೋದ ಮೇಲೆ ಹತ್ತಿರ ಹೋಗಿ ನೋಡಿ, ನೆಲದಲ್ಲಿ ಇಡ್ಲಿ ತಟ್ಟೆಯ ಹಾಗೆ ಸಾಲು ಗುಳಿಗಳು ಮೂಡಿರುತ್ತವೆ. ಒಂದೊಂದು ಗುಳಿಯೂ ಒಂದೊಂದು ಹಕ್ಕಿಯ ಜಾಗ. ಅದಕ್ಕೂ ಕಿತ್ತಾಟ ಇದೆ.

ಇನ್ನು ಲೆಕ್ಕ. ಹಗಲಿನಲ್ಲಿ ಗುಬ್ಬಿ ಎಣಿಸಬೇಡಿ. ಅಂಗಡಿ, ಸೈಟು, ವೈರು ಅಂತ ಓಡಾಡುತ್ತಲೇ ಇರುತ್ತವೆ, ಒಂದನ್ನೇ ನಾಲ್ಕು ಸಲ ಎಣಿಸುತ್ತೀರಿ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಹೊರಡಿ. ಆ ಹೊತ್ತಿಗೆ ಸುತ್ತಲಿನ ಗುಬ್ಬಿಗಳು ಒಂದು ದಟ್ಟ ಪೊದೆಗೆ ಬಂದು ಸೇರುತ್ತವೆ. ಕಾಗದದ ಹೂವಿನ ಬಳ್ಳಿ, ಮಲ್ಲಿಗೆ ಚಪ್ಪರ, ನಿಂಬೆ ಗಿಡ, ಹೊಂಗೆ ಮರ, ಯಾವುದಾದರೂ ಆಗಬಹುದು. ಮುಳ್ಳಿದ್ದರೆ ಇನ್ನೂ ಒಳ್ಳೆಯದು, ಬೆಕ್ಕು ಹತ್ತುವುದಿಲ್ಲ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ ಆ ಜಾಗ. ಎಲೆ ಮರೆಯಲ್ಲಿ ಕೂತು ಎಲ್ಲವೂ ಒಟ್ಟಿಗೆ ಮಾತಾಡುತ್ತವೆ. ಹತ್ತಿರ ಹೋಗಿ ಕೈ ತಟ್ಟಬೇಡಿ. ಸ್ವಲ್ಪ ದೂರ ನಿಂತು ಒಳಗೆ ಹೋಗುವ ಹಕ್ಕಿಗಳನ್ನು ಎಣಿಸಿ, ಹೊರಗೆ ಬಂದವನ್ನು ಕಳೆಯಿರಿ. ನೀವು ಒಂದು ದಿಕ್ಕು, ಮೊಮ್ಮಗಳು ಒಂದು ದಿಕ್ಕು. ವಾರಕ್ಕೊಂದು ಸಲ, ಅದೇ ಜಾಗ, ಅದೇ ಹೊತ್ತು. ದಿನಾಂಕ, ಸಮಯ, ಮಳೆಯೋ ಮೋಡವೋ, ಸಂಖ್ಯೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಾಕು. ಸೊನ್ನೆ ಬಂದ ದಿನವೂ ಬರೆಯಿರಿ. ಬಹಳ ಜನ ಸೊನ್ನೆ ಬರೆಯೋದಿಲ್ಲ, ಅಲ್ಲೇ ಲೆಕ್ಕ ಕೆಡೋದು.

ಇಷ್ಟು ಸಣ್ಣ ಲೆಕ್ಕದಿಂದ ಏನಾಗುತ್ತದೆ ಅನ್ನಿಸಬಹುದು. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಅನ್ನುವ ಪಾರ್ಕಿನಲ್ಲಿ ಮ್ಯಾಕ್ಸ್ ನಿಕೋಲ್ಸನ್ ಅನ್ನುವ ತರುಣ 1925ರಲ್ಲಿ ಗುಬ್ಬಿ ಎಣಿಸಿದ. 2,603 ಸಿಕ್ಕವು. ಅದೇ ಪಾರ್ಕಿನಲ್ಲಿ 2000ದಲ್ಲಿ ಎಣಿಸಿದಾಗ ಸಿಕ್ಕಿದ್ದು 8. ಆ ಮೊದಲ ಲೆಕ್ಕ ಇಲ್ಲದಿದ್ದರೆ ಮೊದಲು ಜಾಸ್ತಿ ಇದ್ದವು ಅನ್ನುವ ಹಳಬರ ಮಾತೊಂದೇ ಉಳಿಯುತ್ತಿತ್ತು. ನಿಮ್ಮ ಮೊಮ್ಮಗಳಿಗೆ ಫೋನ್ ಇಷ್ಟ ಅಂದರೆ, ನೋಡಿದ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪಿಗೂ ಹಾಕಲಿ.

ಟವರ್ ವಿಷಯಕ್ಕೂ ಈ ಲಂಡನ್ ಕಥೆ ಬೇಕು. ಅಲ್ಲಿ ಗುಬ್ಬಿ ಮೊದಲ ಸಲ ಕಡಿಮೆಯಾಗಿದ್ದು ಕುದುರೆ ಗಾಡಿ ಹೋಗಿ ಮೋಟಾರು ಬಂದಾಗ. ಕುದುರೆ ಹೋಯಿತು, ಕುದುರೆಗೆ ಹಾಕಿದ ಕಾಳು ರಸ್ತೆಗೆ ಚೆಲ್ಲೋದು ನಿಂತಿತು. ಬ್ರಿಟನ್ನಿನಲ್ಲಿ ಆಮೇಲಿನ ದೊಡ್ಡ ಇಳಿತ ಶುರುವಾಗಿದ್ದೂ ಮೊಬೈಲ್ ಮನೆಮನೆಗೆ ಬರುವ ಮೊದಲೇ. ಟವರಿನಿಂದಲೇ ಗುಬ್ಬಿ ಹೋಯಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನನಗಂತೂ ಟವರಿನ ಮೇಲೆ ಗೂಬೆ ಕೂರಿಸೋದು ನಮಗೆ ತುಂಬಾ ಅನುಕೂಲದ ಮಾತು ಅನ್ನಿಸುತ್ತದೆ. ಅಂಗಳಕ್ಕೆ ಟೈಲ್ಸ್ ಹಾಕಿಸಿದವರು ನಾವೇ ಅಲ್ವಾ?

ಹಾಗಂತ ಗುಬ್ಬಿ ದೇಶದಿಂದಲೇ ಅಳಿದುಹೋಗುತ್ತಿದೆ ಅನ್ನುವುದೂ ತಪ್ಪು. ಸಾವಿರಾರು ಪಕ್ಷಿವೀಕ್ಷಕರ ದಾಖಲೆ ಒಟ್ಟುಮಾಡಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಅದರ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರು, ಚೆನ್ನೈ, ಮುಂಬೈಯಂಥ ಮಹಾನಗರಗಳಲ್ಲಿ. ಶಿವಮೊಗ್ಗ ಇನ್ನೂ ಆ ಪಟ್ಟಿಗೆ ಸೇರಿಲ್ಲ. ಗಾಂಧಿಬಜಾರಿನ ಹಳೇ ಕಟ್ಟಡಗಳ ಸಾಲು, ದಿನಸಿ ಮಂಡಿ, ಎಪಿಎಂಸಿ ಯಾರ್ಡು, ಇಂಥ ಕಡೆ ಹುಡುಕಿ ನೋಡಿ. ಮೂಟೆ, ಸಂದಿ, ಮಣ್ಣು ಮೂರೂ ಒಟ್ಟಿಗಿರುವ ಜಾಗಗಳು ಇವು.

ಮಲೆನಾಡಿನ ಹಳ್ಳಿಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿನ ಕಥೆ ಸ್ವಲ್ಪ ಬೇರೆ. ಭತ್ತ ಬಡಿದು ಅಂಗಳದಲ್ಲಿ ಹರವುತ್ತಿದ್ದ ಕಾಲದಲ್ಲಿ, ಮೊರದಲ್ಲಿ ಅಕ್ಕಿ ಕೇರುವಾಗ ಹಾರಿದ ನುಚ್ಚು ಗುಬ್ಬಿಗೇ ಹೋಗುತ್ತಿತ್ತು. ಹೊಸ ತೆನೆ ತಂದು ಬಾಗಿಲಿಗೆ ಕಟ್ಟಿದರೆ ಅದರಲ್ಲೂ ಪಾಲು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ. ಅಂಗಳದಲ್ಲಿ ಒಣಗುವುದು ಅಡಿಕೆ, ಅದು ಗುಬ್ಬಿಯ ಬಾಯಿಗಲ್ಲ. ಅಕ್ಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಇನ್ನು ತೀರ್ಥಹಳ್ಳಿ, ಆಗುಂಬೆ, ಹೊಸನಗರದ ಕಾಡಿನ ನಡುವಿನ ಒಂಟಿ ಮನೆಯವರು ನಮ್ಮಲ್ಲಿ ಗುಬ್ಬಿ ಇಲ್ಲ ಅಂತ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಗುಬ್ಬಚ್ಚಿ ಕಾಡಿನ ಹಕ್ಕಿಯೇ ಅಲ್ಲ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಬೇಸಾಯ ಶುರುಮಾಡಿದಾಗ ಅವನ ಕಾಳಿನ ಬೆನ್ನು ಹಿಡಿದು ಬಂದ ಹಕ್ಕಿ ಅದು. ಆ ಮನೆಗಳ ಸುತ್ತ ನೋಡಲು ಬೇರೆ ನೂರು ಹಕ್ಕಿ ಇವೆ.

ನಿಮ್ಮ ಮರದ ಗೂಡಿಗೆ ಬರೋಣ. ತೂಗಾಡುವ ಗೂಡು ಗುಬ್ಬಿಗೆ ಹಿಡಿಸುವುದಿಲ್ಲ, ಗೋಡೆಗೆ ಅಲ್ಲಾಡದ ಹಾಗೆ ಮೊಳೆ ಹೊಡೆಯಿರಿ. ಎಂಟು ಹತ್ತು ಅಡಿ ಎತ್ತರ ಇರಲಿ, ಮಧ್ಯಾಹ್ನದ ಬಿಸಿಲು ಬೀಳದಿರಲಿ. ನಮ್ಮಲ್ಲಿ ಮಳೆಗಾಲದ ಎರಚಲು ಹೆಚ್ಚಾಗಿ ಪಡುವಣದಿಂದ, ನೈರುತ್ಯದಿಂದ ಹೊಡೆಯುತ್ತದೆ, ಅದಕ್ಕೆ ಬಾಯಿ ಪೂರ್ವಕ್ಕೋ ಉತ್ತರಕ್ಕೋ ಇಡಿ. ತೂತು ಸುಮಾರು 32 ಮಿ.ಮೀ. ಇದ್ದರೆ ಸಾಕು, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು. ಅದಕ್ಕಿಂತ ತೀರಾ ದೊಡ್ಡದಾದರೆ ಮೈನಾ ಬಂದು ಕೂರುತ್ತದೆ. ಅಂಗಡಿಯ ಗೂಡುಗಳಲ್ಲಿ ತೂತಿನ ಕೆಳಗೆ ಚೆಂದಕ್ಕೆ ಒಂದು ಕಡ್ಡಿ ಸಿಕ್ಕಿಸಿರುತ್ತಾರೆ. ಅದನ್ನು ಮುರಿದು ಹಾಕಿ. ಗುಬ್ಬಿಗೆ ಅದು ಬೇಡ, ಮರಿ ಕದಿಯಲು ಬರುವ ಕಾಗೆಗೆ ಕಾಲೂರಲು ಅನುಕೂಲ ಅಷ್ಟೇ. ಗುಬ್ಬಿಗಳು ಅಕ್ಕಪಕ್ಕದಲ್ಲಿ ಸಂಸಾರ ಹೂಡುವ ಜಾತಿ, ಹಾಗಾಗಿ ಒಂದರ ಬದಲು ಎರಡು ಮೂರು ಗೂಡು ಸ್ವಲ್ಪ ಅಂತರದಲ್ಲಿ ಇದ್ದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ನಿಮ್ಮ ಬಾಲ್ಕನಿಗೆ ಬೇಗ ಬರುತ್ತವೆ ಅಂತ ನಾನು ಹೇಳಲಾರೆ. ಇರುವ ಗುಂಪಿನ ಹತ್ತಿರ ಗೂಡು ಇಟ್ಟರೆ ಫಲ ಜಾಸ್ತಿ. ಅಂಗಡಿಯವರು ಒಪ್ಪಿದರೆ ಮೊದಲ ಗೂಡನ್ನು ಅಲ್ಲೇ ಹಾಕಿ, ಮುಂದಿನದನ್ನು ನಿಮ್ಮ ಮನೆಯ ಕಡೆಗೆ ಎರಡು ಮನೆ ಈಚೆಗೆ. ಆ ಅಂಗಡಿ ಒಡೆದು ಕಾಂಪ್ಲೆಕ್ಸ್ ಆಗುವ ದಿನವೂ ಬರಬಹುದು. ಆಗ ಆ ಗುಂಪಿಗೆ ಹೋಗಲು ಒಂದು ಜಾಗ ಆದರೂ ಇರಲಿ.

ಅಕ್ಕಿ ರಾಶಿ ಹಾಕೋದು ನಿಲ್ಲಿಸಿ, ಅದು ಪಾರಿವಾಳಕ್ಕೆ ಕೊಟ್ಟ ಆಮಂತ್ರಣ. ಕೊಡಲೇಬೇಕು ಅನ್ನಿಸಿದರೆ ಒಂದು ಮುಷ್ಟಿ ನವಣೆಯನ್ನೋ ನುಚ್ಚನ್ನೋ, ಪಾರಿವಾಳ ನುಗ್ಗದ ಹಾಗೆ ಸಂದಿ ಕಿರಿದಾದ ಸರಳಿನ ಬುಟ್ಟಿಯೊಳಗೆ ಇಡಿ. ಚೂಡಾ, ಖಾರ, ಉಪ್ಪಿನ ತಿಂಡಿ ಬೇಡವೇ ಬೇಡ. ನೀರು ಅಗಲದ ಮಣ್ಣಿನ ತಟ್ಟೆಯಲ್ಲಿ ಒಂದಿಂಚು ಆಳಕ್ಕೆ ಸಾಕು, ದಿನಾ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಮಣ್ಣಿರುವ ಒಂದು ಮೂಲೆಯಲ್ಲಿ ದಾಸವಾಳ, ನಿಂಬೆ, ಕರಿಬೇವು ನೆಟ್ಟು, ಅದಕ್ಕೆ ಬಂದ ಹುಳವನ್ನು ಹಾಗೇ ಬಿಡಿ. ಇದು ಗೂಡಿಗಿಂತ ದೊಡ್ಡ ಕೆಲಸ.

ಕೊನೆಗೆ ಆ ಕನ್ನಡಿ ಕುಕ್ಕುವ ಗುಬ್ಬಿ. ಅದಕ್ಕೆ ಹುಚ್ಚು ಹಿಡಿದಿಲ್ಲ. ಕನ್ನಡಿಯಲ್ಲಿ ಕಾಣುವ ತನ್ನ ನೆರಳನ್ನು ಜಾಗ ಕಿತ್ತುಕೊಳ್ಳಲು ಬಂದ ಇನ್ನೊಂದು ಹಕ್ಕಿ ಅಂದುಕೊಂಡಿದೆ. ಎಷ್ಟು ಕುಕ್ಕಿದರೂ ಎದುರಾಳಿ ಓಡಿಹೋಗುವುದಿಲ್ಲವಾದ್ದರಿಂದ ಇದೂ ಬಿಡುವುದಿಲ್ಲ. ಗೂಡು ಬಹುಶಃ ಅಲ್ಲೇ ಹತ್ತಿರದಲ್ಲಿದೆ, ಹುಡುಕಲು ಅದೂ ಒಂದು ಸುಳಿವು. ಮರಿ ಸಾಕುವ ಹೊತ್ತಿನಲ್ಲಿ ಸುಮ್ನೆ ಶಕ್ತಿ ಹಾಳು. ಬೈಕಿನವರಿಗೆ ಹೇಳಿ, ಗಾಡಿ ನಿಲ್ಲಿಸಿದಾಗ ಕನ್ನಡಿಗೆ ಒಂದು ಹಳೇ ಕಾಲುಚೀಲ ತೊಡಿಸಲಿ.